ಚಿಪ್ ವಿನ್ಯಾಸದಲ್ಲಿ ಮೂರು ದಶಕ: ಜಯಾ ಜಗದೀಶ್ ಅವರ ವೃತ್ತಿಪಥ ಮತ್ತು ದಾವಣಗೆರೆ–ಹರಿಹರದ ನಮ್ಮ ಮಕ್ಕಳು

ಪಿಯುಸಿ ಫಲಿತಾಂಶ ಬಂದು ಸಿಇಟಿ ರ‍್ಯಾಂಕ್ ಗೊತ್ತಾದ ಕೂಡಲೇ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಿಂದ ಹಿಡಿದು ಹರಿಹರದವರೆಗೆ ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಮಾತು: ಯಾವ ಬ್ರಾಂಚ್ ತೆಗೆದುಕೊಳ್ಳಬೇಕು? ಹತ್ತರಲ್ಲಿ ಎಂಟು ಮನೆಗಳಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ, ಕಂಪ್ಯೂಟರ್ ಸೈನ್ಸ್. ಸರ್ಕಾರಿ ಸೀಟು ಸಿಗದಿದ್ದರೆ ಸಾಲ ಮಾಡಿಯಾದರೂ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತಾರೆ. ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಸೀಟು ಸುಲಭವಾಗಿ ಸಿಗುತ್ತಿದ್ದರೂ ಅದರ ಕಡೆ ತಿರುಗಿ ನೋಡುವವರು ಕಡಿಮೆ. ಕಂಪ್ಯೂಟರ್, ಮೊಬೈಲ್, ಕಾರು, ಕೃತಕ ಬುದ್ಧಿಮತ್ತೆ ಎಲ್ಲಕ್ಕೂ ಆಧಾರವಾದ ಚಿಪ್ಪನ್ನು ವಿನ್ಯಾಸ ಮಾಡುವವರು ಹೆಚ್ಚಾಗಿ ಬರುವುದು ಎಲೆಕ್ಟ್ರಾನಿಕ್ಸ್ ಓದಿದವರಿಂದಲೇ ಎಂಬುದು ಬಹಳ ಕುಟುಂಬಗಳಿಗೆ ತಿಳಿದಿಲ್ಲ.

ಈ ಕೆಲಸ ಎಂಥದ್ದು, ಅದರಲ್ಲಿ ಮೇಲೇರುವ ದಾರಿ ಯಾವುದು ಎಂದು ತಿಳಿಯಲು ಬೆಂಗಳೂರಿನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಎಎಂಡಿ ಕಂಪನಿಯ ಭಾರತ ವಿಭಾಗದ ಮುಖ್ಯಸ್ಥೆ, ಸಿಲಿಕಾನ್ ವಿನ್ಯಾಸ ಎಂಜಿನಿಯರಿಂಗ್ ವಿಭಾಗದ ಹಿರಿಯ ಉಪಾಧ್ಯಕ್ಷೆ ಶ್ರೀಮತಿ ಜಯಾ ಜಗದೀಶ್ ಅವರ ವೃತ್ತಿಜೀವನವೇ ಆ ಉದಾಹರಣೆ.

ಮೈಕ್ರಾನ್ ಗೊತ್ತಿದ್ದ ಊರು

ಚಿಪ್ ಎಂದರೆ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಟ್ರಾನ್ಸಿಸ್ಟರ್ ಎಂಬ ಅತಿ ಸಣ್ಣ ಸ್ವಿಚ್ಚುಗಳನ್ನು ಮೂಡಿಸಿರುತ್ತಾರೆ. ಪ್ರತಿ ಸ್ವಿಚ್ಚಿಗೆ ಎರಡೇ ಸ್ಥಿತಿ: ಹಾಕಿದೆ ಅಥವಾ ಆರಿದೆ. ಒಂದು ಮತ್ತು ಸೊನ್ನೆ. ಈ ಎರಡರಿಂದಲೇ ಕೂಡುವುದು, ಕಳೆಯುವುದು, ಚಿತ್ರ ತೋರಿಸುವುದು, ಮಾತು ಗುರುತಿಸುವುದು ಎಲ್ಲವೂ ನಡೆಯುತ್ತದೆ.

ಗಾತ್ರ ತಿಳಿಯಬೇಕಾದರೆ ಹರಿಹರದ ಹಿರಿಯರನ್ನು ಕೇಳಬೇಕು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆ ಮೂಲೆಗೆ ಹೋದವು. ಅಲ್ಲಿ ಕೆಲಸ ಮಾಡಿದವರಿಗೆ ಮೈಕ್ರಾನ್ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಳತೆ ಕೆಲವು ಮೈಕ್ರಾನ್ ಹೆಚ್ಚು ಕಡಿಮೆಯಾದರೂ ಭಾಗವನ್ನು ಪಕ್ಕಕ್ಕಿಡುವುದು ಅವರ ಶಿಸ್ತು. ಆ ಮೈಕ್ರಾನನ್ನು ಮತ್ತೆ ಸಾವಿರ ಪಾಲು ಮಾಡಿದರೆ ನ್ಯಾನೋಮೀಟರ್. ಇಂದಿನ ಚಿಪ್ಪಿನ ಒಳಗಿನ ರಚನೆಗಳನ್ನು ಅಳೆಯುವುದು ಈ ನ್ಯಾನೋಮೀಟರ್‌ನಲ್ಲಿ.

ಸಂಖ್ಯೆಯೂ ಹಾಗೆಯೇ ಬೆಳೆದಿದೆ. 1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಚಿಪ್ಪಿನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. 1993ರ ಪೆಂಟಿಯಂನಲ್ಲಿ 31 ಲಕ್ಷ. 2023ರ ಕೊನೆಯಲ್ಲಿ ಎಎಂಡಿ ಬಿಡುಗಡೆ ಮಾಡಿದ ಎಂಐ300ಎಕ್ಸ್ ಎಂಬ, ಹಲವು ಬಿಲ್ಲೆಗಳನ್ನು ಜೋಡಿಸಿದ ದೊಡ್ಡ ಚಿಪ್ಪಿನಲ್ಲಿ 15,300 ಕೋಟಿ. ಇಷ್ಟು ಸ್ವಿಚ್ಚುಗಳನ್ನು ಯಾರೂ ಒಂದೊಂದಾಗಿ ಕೂತು ಬರೆಯಲಾರರು. ಅದಕ್ಕೆ ವಿಶೇಷ ಸಾಫ್ಟ್‌ವೇರ್ ಬೇಕು, ದೊಡ್ಡ ತಂಡ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು.

ನಕ್ಷೆ ಬರೆಯುವವರು ಬೇರೆ, ನೇಯುವವರು ಬೇರೆ

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾದ ಊರು. ಸೀರೆಯ ಅಂಚು, ಸೆರಗಿನ ಚಿತ್ತಾರವನ್ನು ಚೌಕಳಿ ಕಾಗದದ ಮೇಲೆ ಬರೆಯುವವರು ಒಬ್ಬರಾದರೆ ಮಗ್ಗದಲ್ಲಿ ನೇಯುವವರು ಇನ್ನೊಬ್ಬರು. ಚಿಪ್ಪಿನ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ.

ಎಎಂಡಿ 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕಂಪನಿ. ಮೊದಲು ತಾನೇ ಕಾರ್ಖಾನೆ ನಡೆಸುತ್ತಿತ್ತು. 2009ರಲ್ಲಿ ತಯಾರಿಕೆಯನ್ನು ಬೇರ್ಪಡಿಸಿ ಗ್ಲೋಬಲ್‌ಫೌಂಡ್ರೀಸ್ ಎಂಬ ಬೇರೆ ಕಂಪನಿಗೆ ಒಪ್ಪಿಸಿ ವಿನ್ಯಾಸವನ್ನಷ್ಟೇ ತನ್ನಲ್ಲಿ ಉಳಿಸಿಕೊಂಡಿತು. ಈಗ ಅದರ ಮುಖ್ಯ ಚಿಪ್ಪುಗಳನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಕಾರ್ಖಾನೆ ಕಟ್ಟಲು ಸಾವಿರಾರು ಕೋಟಿ ರೂಪಾಯಿ, ಅತಿ ಶುದ್ಧ ನೀರು, ಒಂದು ಕ್ಷಣವೂ ನಿಲ್ಲದ ವಿದ್ಯುತ್ ಬೇಕು. ವಿನ್ಯಾಸಕ್ಕೆ ಬೇಕಾದದ್ದು ಕಲಿತ ಜನ. ಆದ್ದರಿಂದಲೇ ದೇಶದಲ್ಲಿ ದೊಡ್ಡ ಚಿಪ್ ಕಾರ್ಖಾನೆಗಳ ಮಾತು ಕೇಳಿಬರುವ ಎಷ್ಟೋ ವರ್ಷ ಮೊದಲೇ ವಿನ್ಯಾಸದ ಕೆಲಸ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ಆಮೇಲೆ ಒಂದರ ಹಿಂದೆ ಒಂದರಂತೆ ಬಂದ ಕಂಪನಿಗಳು ಹಲವಾರು.

ವಿನ್ಯಾಸದ ಹಂತಗಳು

ಒಂದು ಚಿಪ್ ಹುಟ್ಟುವುದು ಹೀಗೆ. ಮೊದಲು ಅದು ಏನು ಮಾಡಬೇಕು, ಎಷ್ಟು ವೇಗ ಬೇಕು, ಎಷ್ಟು ವಿದ್ಯುತ್ ತಿನ್ನಬಹುದು ಎಂದು ತೀರ್ಮಾನಿಸುತ್ತಾರೆ. ಇದು ಆರ್ಕಿಟೆಕ್ಚರ್, ಮನೆ ಕಟ್ಟುವ ಮೊದಲು ಎಷ್ಟು ಕೋಣೆ ಎಂದು ಲೆಕ್ಕ ಹಾಕಿದ ಹಾಗೆ. ಎರಡನೆಯದು, ಆ ಯೋಜನೆಯನ್ನು ವೆರಿಲಾಗ್‌ನಂಥ ಭಾಷೆಯಲ್ಲಿ ಬರೆಯುವುದು. ಇದಕ್ಕೆ ಆರ್‌ಟಿಎಲ್ ಎನ್ನುತ್ತಾರೆ. ಮೂರನೆಯದು ವೆರಿಫಿಕೇಷನ್. ಬರೆದದ್ದು ಎಲ್ಲ ಸಂದರ್ಭದಲ್ಲೂ ಸರಿಯಾಗಿ ನಡೆಯುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಪರೀಕ್ಷಿಸುವುದು. ದೊಡ್ಡ ಚಿಪ್ಪುಗಳಲ್ಲಿ ಅತಿ ಹೆಚ್ಚು ಜನ ಮತ್ತು ಸಮಯ ಹೋಗುವುದು ಈ ಹಂತಕ್ಕೆ. ನಾಲ್ಕನೆಯದು ಫಿಸಿಕಲ್ ಡಿಸೈನ್. ಯಾವ ಭಾಗ ಎಲ್ಲಿ ಕೂರಬೇಕು, ತಂತಿ ಹೇಗೆ ಹಾಯಬೇಕು, ಸಂಕೇತ ಸಮಯಕ್ಕೆ ಸರಿಯಾಗಿ ತಲುಪುತ್ತದೆಯೇ, ಎಲ್ಲಿ ಬಿಸಿ ಹೆಚ್ಚಾಗುತ್ತದೆ ಎಂದು ನೋಡುವುದು.

ಇಷ್ಟೆಲ್ಲ ಮುಗಿದ ಮೇಲೆ ಅಂತಿಮ ನಕ್ಷೆಯನ್ನು ಕಾರ್ಖಾನೆಗೆ ಕಳಿಸುತ್ತಾರೆ. ಇದಕ್ಕೆ ಟೇಪ್ ಔಟ್ ಎಂದು ಹೆಸರು. ಮೊದಲ ಚಿಪ್ ಕೈಗೆ ಬರಲು ತಿಂಗಳುಗಳೇ ಬೇಕು. ಬಂದ ಮೇಲೆ ಲ್ಯಾಬಿನಲ್ಲಿ ಕರೆಂಟ್ ಕೊಟ್ಟು ಮತ್ತೆ ಪರೀಕ್ಷೆ. ಸಾಫ್ಟ್‌ವೇರಿನಲ್ಲಿ ತಪ್ಪಾದರೆ ಮರುದಿನವೇ ತಿದ್ದಿ ಕಳಿಸಬಹುದು. ಸಿಲಿಕಾನ್ ಮೇಲೆ ಮೂಡಿದ ತಪ್ಪನ್ನು ಅಳಿಸಲು ರಬ್ಬರ್ ಇಲ್ಲ. ಹೊಸ ಮಾಸ್ಕ್ ಮಾಡಿಸಬೇಕು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಖರ್ಚು ಕೋಟಿಗಳಲ್ಲಿ.

ಐದು ಖಾಲಿ ಮನೆಗಳ ಬೆಲೆ

ಜಯಾ ಜಗದೀಶ್ ಅವರು ಈ ಕೆಲಸಕ್ಕೆ ಕಾಲಿಟ್ಟ 1994ರಲ್ಲೇ ಒಂದು ಘಟನೆ ನಡೆಯಿತು. ಇಂಟೆಲ್‌ನ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುತ್ತಿದೆ ಎಂದು ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್‌ಲಿ ಕಂಡುಹಿಡಿದರು. ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಇಟ್ಟಿದ್ದ ಕೋಷ್ಟಕದಲ್ಲಿ 1,066 ಮನೆಗಳು ತುಂಬಿರಬೇಕಿತ್ತು. ಅದರಲ್ಲಿ 5 ಮನೆಗಳು ಖಾಲಿ ಉಳಿದಿದ್ದವು. ಕೋಟ್ಯಂತರ ಲೆಕ್ಕಗಳಲ್ಲಿ ಎಲ್ಲೋ ಒಂದು ತಪ್ಪಾಗುತ್ತಿತ್ತು ಅಷ್ಟೆ. ಆದರೂ ಜನ ಸುಮ್ಮನಿರಲಿಲ್ಲ. ಕಂಪನಿ ಕೇಳಿದವರಿಗೆಲ್ಲ ಚಿಪ್ ಬದಲಾಯಿಸಿ ಕೊಡಬೇಕಾಯಿತು; ಅದಕ್ಕಾಗಿ 47.5 ಕೋಟಿ ಡಾಲರ್ ಖರ್ಚು ಬರೆಯಿತು.

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಿರ್ದಿ, ಖಾತೆ ತಾಳೆಯಾಗದೆ ಐದು ರೂಪಾಯಿ ವ್ಯತ್ಯಾಸ ಬಂದರೆ ಹಳೆಯ ಗುಮಾಸ್ತರು ದೀಪ ಆರಿಸಿ ಮನೆಗೆ ಹೋಗುತ್ತಿರಲಿಲ್ಲ. ಐದು ರೂಪಾಯಿಯ ಆಸೆಗಲ್ಲ, ಅದರ ಹಿಂದೆ ಎಂಥ ತಪ್ಪು ಅಡಗಿದೆಯೋ ಎಂಬ ಎಚ್ಚರಕ್ಕೆ. ಚಿಪ್ ವಿನ್ಯಾಸಕ್ಕೆ ಬೇಕಾದ ಸ್ವಭಾವ ಇದೇ. ಮಗುವಿಗೆ ಈ ಕೆಲಸ ಒಗ್ಗುತ್ತದೆಯೇ ಎಂದು ತಿಳಿಯಲು ಅಂಕಪಟ್ಟಿಗಿಂತ ಈ ಗುಣವನ್ನು ನೋಡುವುದು ಒಳ್ಳೆಯದು.

ಲೆಕ್ಕದ ಶ್ರದ್ಧೆ ನಮ್ಮ ಸಮಾಜಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ರಚಿಸಿದರು. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ.

ಮೆಟ್ಟಿಲು ಮೆಟ್ಟಿಲಾಗಿ

ಜಯಾ ಜಗದೀಶ್ ಅವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಪಡೆದವರು. 1994ರಲ್ಲಿ ಅದೇ ರಾಜ್ಯದ ಆಸ್ಟಿನ್ ನಗರದಲ್ಲಿ ಎಎಂಡಿ ಸೇರಿದ್ದು ಸಾಮಾನ್ಯ ಡಿಸೈನ್ ಎಂಜಿನಿಯರ್ ಆಗಿ. ಮುಖ್ಯಸ್ಥೆಯಾಗಿ ಅಲ್ಲ, ವ್ಯವಸ್ಥಾಪಕಿಯಾಗಿಯೂ ಅಲ್ಲ. ಸುಮಾರು ಹನ್ನೊಂದು ವರ್ಷ ಅಲ್ಲಿ ಕೆಲಸ ಮಾಡಿದ ಮೇಲೆ 2005ರಲ್ಲಿ ಭಾರತಕ್ಕೆ ಬಂದರು. ಎಎಂಡಿ 2001ರಲ್ಲಿ ನವದೆಹಲಿಯಲ್ಲಿ ಬೆರಳೆಣಿಕೆಯ ನೌಕರರೊಂದಿಗೆ ಭಾರತಕ್ಕೆ ಕಾಲಿಟ್ಟಿತ್ತು. ಬೆಂಗಳೂರಿನಲ್ಲಿ ವಿನ್ಯಾಸ ತಂಡ ಕಟ್ಟುವ ಕೆಲಸದಲ್ಲಿ ಅವರು ತೊಡಗಿದರು.

ಮುಂದಿನ ವರ್ಷಗಳು ಕಂಪನಿಗೆ ಸುಖದ ದಿನಗಳಾಗಿರಲಿಲ್ಲ. ಸ್ಪರ್ಧೆಯಲ್ಲಿ ಎಎಂಡಿ ಹಿಂದೆ ಬಿತ್ತು. 2015ರಲ್ಲಿ ಅದರ ಷೇರಿನ ಬೆಲೆ ಎರಡು ಡಾಲರ್‌ಗಿಂತ ಕೆಳಗೆ ಇಳಿಯಿತು. 2014ರ ಅಕ್ಟೋಬರ್‌ನಲ್ಲಿ ಮುಖ್ಯಸ್ಥರಾಗಿ ಬಂದ ಲೀಸಾ ಸೂ ಅವರೂ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಮಹಿಳೆಯೇ. ಆಗ ಕಂಪನಿ ನಂಬಿದ್ದು ಜೆನ್ ಎಂಬ ಹೊಸ ವಿನ್ಯಾಸವನ್ನು. ಹಲವು ವರ್ಷಗಳ ಕೆಲಸದ ನಂತರ 2017ರಲ್ಲಿ ಅದು ರೈಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಕಂಪನಿಯ ದಿಕ್ಕೇ ಬದಲಾಯಿತು. 2022ರಲ್ಲಿ ವಿಶ್ವದ ಅತಿ ವೇಗದ ಸೂಪರ್ ಕಂಪ್ಯೂಟರ್ ಎನಿಸಿಕೊಂಡ ಅಮೆರಿಕದ ಫ್ರಾಂಟಿಯರ್ ಕೂಡ ಎಎಂಡಿ ಚಿಪ್ಪುಗಳಿಂದಲೇ ನಡೆಯುತ್ತದೆ.

ಷೇರು ಬಿದ್ದ ವರ್ಷದಲ್ಲೇ ಬಿಟ್ಟು ಹೋದವರಿಗೆ ಈ ಫಲ ಕಾಣಲು ಸಿಗಲಿಲ್ಲ. ಜಯಾ ಅವರು ಸೇರಿದ ಕಂಪನಿಯಲ್ಲೇ ಉಳಿದರು.

2023ರ ಜುಲೈನಲ್ಲಿ ಎಎಂಡಿ ಭಾರತದಲ್ಲಿ ಐದು ವರ್ಷಗಳಲ್ಲಿ 40 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಆಗ ದೇಶದಲ್ಲಿ ಅದರ ನೌಕರರು 6,500ಕ್ಕೂ ಹೆಚ್ಚು. 2028ರ ಕೊನೆಯೊಳಗೆ ಇನ್ನೂ 3,000 ಎಂಜಿನಿಯರಿಂಗ್ ಹುದ್ದೆಗಳ ಯೋಜನೆಯನ್ನೂ ಹೇಳಿತು. ಅದೇ ವರ್ಷದ ನವೆಂಬರ್ 28ರಂದು ಬೆಂಗಳೂರಿನಲ್ಲಿ ಟೆಕ್ನೋಸ್ಟಾರ್ ಎಂಬ 5 ಲಕ್ಷ ಚದರ ಅಡಿಯ ಕೇಂದ್ರವನ್ನು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಉದ್ಘಾಟಿಸಿದರು. ಭಾರತ ಸರ್ಕಾರ ಸೆಮಿಕಂಡಕ್ಟರ್ ಕ್ಷೇತ್ರಕ್ಕೆ ಪ್ರತಿಭಾವಂತರನ್ನು ತಯಾರಿಸಲು ರಚಿಸಿದ ಸಮಿತಿಯ ಅಧ್ಯಕ್ಷತೆಯ ಹೊಣೆಯೂ ಜಯಾ ಜಗದೀಶ್ ಅವರಿಗೆ ಬಂತು. ತಾನು ಕಲಿತ ಕೆಲಸವನ್ನು ಮುಂದಿನವರಿಗೆ ಕಲಿಸುವ ವ್ಯವಸ್ಥೆ ಕಟ್ಟುವುದು ಇಂಥ ವೃತ್ತಿಯ ಸಹಜ ಮುಂದುವರಿಕೆ.

ದಾವಣಗೆರೆಯಿಂದ ದಾರಿ

ಇದೆಲ್ಲ ಬೆಂಗಳೂರು, ಅಮೆರಿಕದ ಮಾತು, ನಮ್ಮ ಊರಿಗೆ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ದಾನದಿಂದ 1951ರಲ್ಲಿ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಬಿಡಿಟಿ ಎಂದು ಎಲ್ಲರ ಬಾಯಲ್ಲಿರುವ ಆ ಕಾಲೇಜು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಂಗ ಕಾಲೇಜು. ದೇಶದ ಬಹಳಷ್ಟು ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಎಂಬ ಮಾತೇ ಅಪರೂಪವಾಗಿದ್ದಾಗ ವ್ಯಾಪಾರದ ಗಳಿಕೆ ಇಲ್ಲಿ ಶಿಕ್ಷಣಕ್ಕೆ ಹೋಯಿತು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನ ಎಂದರೆ ಏನು ಎಂದು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂತು. ಜೈನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯೂ ಊರಿನಲ್ಲಿದೆ. ಹರಿಹರದ ಮಕ್ಕಳು ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿ ಓದಬಹುದು.

ದಾರಿ ಸರಳವಾಗಿ ಹೀಗಿದೆ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಗಣಿತ ಮತ್ತು ಭೌತಶಾಸ್ತ್ರ ಗಟ್ಟಿಯಾಗಿರಲಿ. ಸಿಇಟಿ ಮೂಲಕ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಆರಿಸಿಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಎಐಸಿಟಿಇ 2023ರಲ್ಲಿ ಚಿಪ್ ವಿನ್ಯಾಸಕ್ಕೆಂದೇ ವಿಎಲ್‌ಎಸ್‌ಐ ಡಿಸೈನ್ ಅಂಡ್ ಟೆಕ್ನಾಲಜಿ ಎಂಬ ಪ್ರತ್ಯೇಕ ಬಿ.ಟೆಕ್ ಪಠ್ಯಕ್ರಮ ರೂಪಿಸಿದೆ. ಬಿಇ ಓದುವಾಗ ಡಿಜಿಟಲ್ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಆರ್ಕಿಟೆಕ್ಚರ್, ವೆರಿಲಾಗ್ ಈ ಮೂರನ್ನು ಪರೀಕ್ಷೆಗಾಗಿ ಅಲ್ಲದೆ ಕೆಲಸಕ್ಕಾಗಿ ಕಲಿಯಬೇಕು. ಈ ಕ್ಷೇತ್ರದಲ್ಲಿ ಎಂ.ಟೆಕ್‌ಗೆ ಹೆಚ್ಚಿನ ಬೆಲೆ ಇದೆ. ಗೇಟ್ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಸೇರಿದರೆ ಬಾಗಿಲು ಇನ್ನೂ ಅಗಲವಾಗಿ ತೆರೆಯುತ್ತದೆ.

ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿದೆ. ಚಿಪ್ಸ್ ಟು ಸ್ಟಾರ್ಟಪ್ ಎಂಬ ಯೋಜನೆಯ ಗುರಿ 85,000 ಎಂಜಿನಿಯರುಗಳಿಗೆ ತರಬೇತಿ. ಹಣದ ಅಡಚಣೆ ಇರುವ ಕುಟುಂಬಗಳು ಇನ್ನೊಂದು ವಿಷಯ ಗಮನಿಸಬೇಕು. 2014ರ ಜನವರಿಯಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿತು. ಸಿಇಟಿ ಮೂಲಕ ವೃತ್ತಿಪರ ಕೋರ್ಸ್ ಸೇರುವ ಮಕ್ಕಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಶಿಕ್ಷಣ ಸಾಲ ಯೋಜನೆ ಇದೆ. ಆದಾಯ ಮಿತಿ, ಕೊನೆಯ ದಿನಾಂಕಗಳನ್ನು ಜಿಲ್ಲಾ ಕಚೇರಿಯಲ್ಲಿ ಆಯಾ ವರ್ಷವೇ ವಿಚಾರಿಸಿಕೊಳ್ಳಬೇಕು. ಸೀಟು ಸಿಕ್ಕ ಮೇಲೆ ಆದಾಯ ಪ್ರಮಾಣಪತ್ರಕ್ಕೆ ಓಡಾಡುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಹೆಣ್ಣುಮಕ್ಕಳ ಮನೆಯವರಿಗೆ

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬಿಇ ಓದಿಸುವುದು ಈಗ ಸಾಮಾನ್ಯ. ಓದಿಗೆ ಯಾರೂ ಅಡ್ಡಿ ಮಾಡುವುದಿಲ್ಲ. ತೊಡಕು ಬರುವುದು ಕೆಲಸಕ್ಕೆ ಸೇರಿದ ಎರಡು ಮೂರು ವರ್ಷಕ್ಕೆ, ಮದುವೆಯ ಮಾತು ಬಂದಾಗ. ಬೇರೆ ಊರಿನ ಸಂಬಂಧ, ಕೂಡು ಕುಟುಂಬ, ಅಂಗಡಿ ವ್ಯವಹಾರ. ಹುಡುಗಿ ಕೆಲಸ ಬಿಡುತ್ತಾಳೆ. ಚಿಪ್ ವಿನ್ಯಾಸದಲ್ಲಿ ಹೀಗೆ ಬಿಟ್ಟರೆ ಆಗುವ ನಷ್ಟ ದೊಡ್ಡದು. ಒಂದು ದೊಡ್ಡ ಚಿಪ್ಪಿಗೆ ಮೂರು ನಾಲ್ಕು ವರ್ಷ ಹಿಡಿಯಬಹುದು. ಮೊದಲ ಟೇಪ್ ಔಟ್ ಮುಗಿಸಿದವರು ಕಲಿತವರು, ನಾಲ್ಕಾರು ಮುಗಿಸಿದವರು ಅನುಭವಿಗಳು. ಎರಡನೇ ವರ್ಷಕ್ಕೆ ನಿಲ್ಲಿಸಿದವರಿಗೆ ಆ ವಿದ್ಯೆಯ ಬಡ್ಡಿ ಕೈಗೆ ಬರುವುದೇ ಇಲ್ಲ. 1994ರಲ್ಲಿ ಸೇರಿದ ಜಯಾ ಅವರು ನಾಲ್ಕನೇ ವರ್ಷಕ್ಕೆ ಬಿಟ್ಟಿದ್ದರೆ 2005ರ ಜವಾಬ್ದಾರಿಯೂ ಬರುತ್ತಿರಲಿಲ್ಲ, ಮುಂದಿನ ಪದವಿಯೂ ಬರುತ್ತಿರಲಿಲ್ಲ.

ಆದ್ದರಿಂದ ಸಂಬಂಧ ನೋಡುವಾಗ ಮನೆತನ, ಆಸ್ತಿ ವಿಚಾರಿಸುವಷ್ಟೇ ಸ್ಪಷ್ಟವಾಗಿ ಹುಡುಗಿಯ ಕೆಲಸ ಮುಂದುವರಿಯುತ್ತದೆಯೇ ಎಂದೂ ಎರಡೂ ಕಡೆಯ ಹಿರಿಯರು ಮಾತಾಡಿಕೊಳ್ಳಬೇಕು. ಅತ್ತೆ ಮಾವಂದಿರ ಒಂದು ಮಾತಿನ ಬೆಂಬಲ ಎಷ್ಟೋ ತರಬೇತಿಗಿಂತ ದೊಡ್ಡದು. ಕೆಲವು ಕಂಪನಿಗಳು ಬಿಡುವು ತೆಗೆದುಕೊಂಡ ತಾಯಂದಿರನ್ನು ಮತ್ತೆ ಸೇರಿಸಿಕೊಳ್ಳುವ ಕಾರ್ಯಕ್ರಮಗಳನ್ನೂ ನಡೆಸುತ್ತವೆ.

ಆಹಾರದ ಚಿಂತೆಯೂ ಸಣ್ಣದಲ್ಲ. ಅಮೆರಿಕದ ತಂಡದ ಜೊತೆ ಮೀಟಿಂಗ್ ಇರುವುದು ಸಾಮಾನ್ಯವಾಗಿ ಸಂಜೆ, ರಾತ್ರಿ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮ ಇಟ್ಟುಕೊಂಡವರು ತಂಡದವರಿಗೆ ಮೊದಲೇ ತಿಳಿಸಿ ಡಬ್ಬಿ ಒಯ್ಯುವುದು ಒಳ್ಳೆಯದು. ಸಂಕೋಚದಿಂದ ಸುಮ್ಮನಿದ್ದು ನಿಯಮ ಬಿಡುವುದೂ ಬೇಡ, ನಿಯಮದ ಹೆಸರಿನಲ್ಲಿ ಕೆಲಸ ಬಿಡುವುದೂ ಬೇಡ.

ಎಚ್ಚರದ ಮಾತು

ಈ ಕ್ಷೇತ್ರದಲ್ಲಿ ಎಲ್ಲವೂ ಹೂವಿನ ಹಾಸಿಗೆ ಅಲ್ಲ. ಮಾರುಕಟ್ಟೆ ಏರಿಳಿಯುತ್ತದೆ, ಕೆಲಸ ಕಡಿತವೂ ಆಗುತ್ತದೆ. ಕೆಲವೇ ತಿಂಗಳಲ್ಲಿ ಚಿಪ್ ಎಂಜಿನಿಯರ್ ಮಾಡುತ್ತೇವೆ, ಕೆಲಸ ಖಚಿತ ಎಂದು ಲಕ್ಷಗಟ್ಟಲೆ ಶುಲ್ಕ ಕೇಳುವ ತರಬೇತಿ ಕೇಂದ್ರಗಳಿಗೆ ಹಣ ಕಟ್ಟುವ ಮೊದಲು ಅಲ್ಲಿ ಕಲಿತ ನಾಲ್ಕು ಮಕ್ಕಳನ್ನು ಖುದ್ದಾಗಿ ವಿಚಾರಿಸಬೇಕು. ಮಗುವಿಗೆ ಗಣಿತ ಇಷ್ಟವಿಲ್ಲದಿದ್ದರೆ ಒತ್ತಾಯ ಮಾಡಬಾರದು. ಕಂಪ್ಯೂಟರ್ ಸೈನ್ಸ್ ಕೆಟ್ಟದ್ದು ಎಂದೂ ಅರ್ಥವಲ್ಲ. ಅದನ್ನು ಓದಿ ಚಿಪ್ ಕ್ಷೇತ್ರಕ್ಕೆ ಬಂದವರೂ ಇದ್ದಾರೆ.

ಹರಿಹರಕ್ಕೆ ಏಳುಬೀಳು ಚೆನ್ನಾಗಿ ಗೊತ್ತು. ಲೇತ್‌ಗಳಿಗೆ ಹೆಸರಾದ ಆ ದೊಡ್ಡ ಕಾರ್ಖಾನೆ ಮುಚ್ಚಿದಾಗ ಎಷ್ಟೋ ಮನೆಗಳ ಒಲೆ ಮಂಕಾಯಿತು. ಆದರೆ ಅಲ್ಲಿ ಮೈಕ್ರಾನ್ ಅಳತೆಯ ಕೆಲಸ ಕಲಿತವರ ಕೈಯ ವಿದ್ಯೆ ಬಾಗಿಲ ಬೀಗದ ಜೊತೆ ಹೋಗಲಿಲ್ಲ. ಕಂಪನಿಯ ಹೆಸರು ನೋಡಿ ವಿದ್ಯೆ ಆರಿಸಿಕೊಂಡವರು ಕಂಪನಿ ಬಿದ್ದಾಗ ಕಂಗೆಡುತ್ತಾರೆ. ಮೂಲ ವಿದ್ಯೆ ಗಟ್ಟಿ ಮಾಡಿಕೊಂಡವರಿಗೆ ಇನ್ನೊಂದು ಬಾಗಿಲು ಇದ್ದೇ ಇರುತ್ತದೆ.

ಈ ವರ್ಷ ಬ್ರಾಂಚ್ ಆರಿಸಿಕೊಳ್ಳುವ ಕುಟುಂಬಗಳು ಆಯ್ಕೆಪಟ್ಟಿ ತುಂಬುವ ಮೊದಲು ಎಲೆಕ್ಟ್ರಾನಿಕ್ಸ್ ವಿಭಾಗದ ಒಬ್ಬ ಅಧ್ಯಾಪಕರನ್ನು, ಆ ಕ್ಷೇತ್ರದಲ್ಲಿ ಕೆಲಸ ಮಾಡುವ ಸಮಾಜದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅರ್ಧ ಗಂಟೆ ಕೂರಿಸಿಕೊಂಡು ಕೇಳಲಿ. ಬಸದಿಗಳ ಯುವಕ ಮಂಡಲ, ಮಹಿಳಾ ಸಮಾಜಗಳು ಬೇಸಿಗೆ ರಜೆಯಲ್ಲಿ ಇಂಥ ಒಂದು ಮಾಹಿತಿ ಸಭೆ ನಡೆಸಿದರೆ ಹತ್ತು ಮಕ್ಕಳಿಗಾದರೂ ದಾರಿ ಕಂಡೀತು.